ಸಣ್ಣ ಕರುಳಿನ ಅರ್ಬುದರೋಗ: ಅರಿವೂ ಎಚ್ಚರವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ವೇದಿಕೆಯಲ್ಲಿ ಧರ್ಮ, ಸಾಹಿತ್ಯ, ಇತಿಹಾಸಗಳನ್ನು ಕುರಿತು ವಿದ್ವಾಂಸರು ಮಾತನಾಡಿರುವರು. ಅವರ ನಡುವೆ ವೈದ್ಯನೊಬ್ಬನು ಎದ್ದುನಿಂತು ಕರುಳಿನ ವಿಚಾರವನ್ನೆತ್ತುವುದು ಉಚಿತವೇ ಎಂಬ ಸಂಕೋಚವು ನನಗೆ ಇದ್ದೇ ಇದ್ದಿತು. ಆದರೆ ಶ್ರೀಗಳವರು, “ಕಾಯವು ಕೆಟ್ಟರೆ ಕಾಯಕವೆಲ್ಲಿಯದು? ನಿಮಗೆ ತಿಳಿದುದನ್ನು ನಮ್ಮ ಜನಕ್ಕೆ ತಿಳಿಯುವಂತೆ ಹೇಳಿರಿ” ಎಂದು ಅಪ್ಪಣೆ ಕೊಡಿಸಿದರು. ವಿಚಾರ ಮಾಡಿ ನೋಡಿದರೆ ಈ ನೆಲಕ್ಕೆ ವೈದ್ಯವು ಹೊರಗಿನದಲ್ಲ. ಶರಣರ ಗಣದಲ್ಲಿ ವೈದ್ಯ ಸಂಗಣ್ಣನವರು ಚಿಕಿತ್ಸೆಯನ್ನೇ ಕಾಯಕವಾಗಿ ಕೈಕೊಂಡು, ರೋಗ ಔಷಧಗಳ ಮಾತಿನಲ್ಲಿಯೇ ವಚನಗಳನ್ನು ರಚಿಸಿದರು. ಅವರಿಗಿಂತಲೂ ಬಹು ಹಿಂದೆ, ನಮ್ಮ ಮಸ್ಕಿಯ ಬಂಡೆಯಲ್ಲಿ ತನ್ನ ಹೆಸರನ್ನು ಬರೆಯಿಸಿದ ಅಶೋಕ ಚಕ್ರವರ್ತಿಯು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದನೆಂದು ಆತನ ಇನ್ನೊಂದು ಶಾಸನವು ತಿಳಿಸುತ್ತದೆ. ಅದರ ಒಂದು ಪ್ರತಿಯು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಮಸ್ಕಿಯ ಶಾಸನವು 1915ರಲ್ಲಿ ಗಣಿ ಇಂಜಿನಿಯರರಾದ ಬೀಡನ್ ಎಂಬವರ ಕಣ್ಣಿಗೆ ಬೀಳುವ ವರೆಗೆ, ಎರಡು ಸಾವಿರ ವರ್ಷಗಳಿಗೂ ಮಿಕ್ಕು ಅಲ್ಲಿಯೇ ಇದ್ದು ಬಹುಕಾಲ ಯಾರಿಗೂ ಅರ್ಥವಾಗದೆ ಇದ್ದಿತು. ಎದುರಿಗಿದ್ದ ಬರಹವನ್ನು ಓದಲರಿಯದೆ ಇರುವುದು ವೈದ್ಯನಿಗೂ ಸಂಭವಿಸುತ್ತದೆ. ನನಗೆ ಸಂಭವಿಸಿದ ಅಂಥದೊಂದು ಪ್ರಸಂಗದಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ.

ಕೆಲವು ವರ್ಷಗಳ ಕೆಳಗೆ ಸಿಂಧನೂರು ತಾಲೂಕಿನ ಹಳ್ಳಿಯೊಂದರಿಂದ ಐವತ್ತು ದಾಟಿದ ಒಬ್ಬ ತಾಯಿ ನನ್ನಲ್ಲಿಗೆ ಬಂದರು. ಭತ್ತದ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲುಗಳಲ್ಲಿ ಬಾಳನ್ನು ಸವೆಸಿದವರು. ಮುಖವು ಬಿಳುಪೇರಿತ್ತು, ನಾಲ್ಕು ಹೆಜ್ಜೆ ಏರಿದರೆ ಎದೆ ಹೊಡೆದುಕೊಳ್ಳುತ್ತಿತ್ತು. “ಶಕ್ತಿ ಇಲ್ಲರೀ ಸಾಹೇಬ್ರ, ಟಾನಿಕ್ ಏನಾದ್ರೂ ಬರಕೊಡ್ರಿ” ಎಂದರು. ರಕ್ತಹೀನತೆಯೆಂದು ಕಬ್ಬಿಣಾಂಶದ ಗುಳಿಗೆಗಳನ್ನೂ ಜಂತುವಿನ ಔಷಧವನ್ನೂ ಕೊಟ್ಟು ಕಳುಹಿಸಿದೆನು. ಕೆಲವು ವಾರ ಗುಣ ಕಂಡಿತು, ಮತ್ತೆ ಕುಂದಿತು. ಪುನಃ ಗುಳಿಗೆ, ಪುನಃ ಅದೇ ಕಥೆ. ಒಂದು ದಿನ ಅವರ ಮಗಳು, “ಅವ್ವಗ ಹೊರಕಡಿ ಕರ್ರಗ ಆಗತೈತ್ರಿ” ಎಂದಳು. ಕಬ್ಬಿಣದ ಗುಳಿಗೆಯಿಂದ ಮಲವು ಕಪ್ಪಾಗುವುದುಂಟು. “ಅದು ಗುಳಿಗೆಯ ಬಣ್ಣ, ಹೆದರಬೇಡಿರಿ” ಎಂದು ಹೇಳಿ ಕಳುಹಿಸಿಬಿಟ್ಟೆನು. ಸುಮಾರು ಒಂದು ವರುಷದ ಮೇಲೆ ಆ ತಾಯಿಯನ್ನು ಹೊಟ್ಟೆಯುಬ್ಬರ, ನಿಲ್ಲದ ವಾಂತಿಗಳೊಡನೆ ಹೊತ್ತುತಂದರು. ದೊಡ್ಡ ದವಾಖಾನೆಗೆ ಕಳುಹಿಸಿದಾಗ ಅಲ್ಲಿ ಉದರವನ್ನು ತೆರೆದು ನೋಡಿದರು. ಸಣ್ಣ ಕರುಳಿನ ನಡುವೆ ಗಂಟೊಂದು ಬೆಳೆದು ದಾರಿಯನ್ನು ಮುಚ್ಚಿತ್ತು. ಸಮೀಪದ ದುಗ್ಧಗ್ರಂಥಿಗಳಿಗೂ ಹಬ್ಬಿತ್ತು. ಅದು ಅರ್ಬುದ, ಅಂದರೆ ನಾವು ಕ್ಯಾನ್ಸರ್ ಎಂದು ಕರೆಯುವ ರೋಗ. ಶಸ್ತ್ರಕ್ರಿಯೆಯ ತರುವಾಯ ಅವರು ಎರಡು ವರ್ಷ ಬದುಕಿದರು. ಒಮ್ಮೆ ಅವರನ್ನು ನೋಡಲು ಹೋದಾಗ, “ಗುಳಿಗೆ ತೊಗೊಳ್ಳೋಕಿಂತ ಮೊದಲೂ ಹಂಗ ಆಗತಿತ್ತರೀ. ಹೇಳಾಕ ನಾಚಿಕೆ ಆತು, ಕೇಳಿದವರೂ ಇರಲಿಲ್ಲ” ಎಂದರು. ಆ ಕೇಳಬೇಕಾದವನು ನಾನು. “ಗುಳಿಗೆಗೆ ಮೊದಲು ಹೇಗಿತ್ತು?” ಎಂಬ ಒಂದೇ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಇಂದಿನ ನನ್ನ ಉಪನ್ಯಾಸದ ಸಾರವೆಲ್ಲವೂ ಆ ಒಂದು ಪ್ರಶ್ನೆಯಲ್ಲಿ ಅಡಗಿದೆಯೆಂದು ತಿಳಿಯಬೇಕು.

ಇನ್ನು ಸಣ್ಣ ಕರುಳೆಂದರೇನೆಂಬುದನ್ನು ನೋಡೋಣ. ಉಂಡ ಅನ್ನವು ಜಠರದಲ್ಲಿ ಅರೆಯಲ್ಪಟ್ಟು ಈ ಕರುಳಿಗೆ ಇಳಿಯುತ್ತದೆ. ಇದರ ಉದ್ದವು ಸುಮಾರು 20 ಅಡಿ. ಆದರೂ ಮಡಿಕೆ ಮಡಿಕೆಯಾಗಿ ಹೊಟ್ಟೆಯೊಳಗೆ ಅಡಗಿರುತ್ತದೆ. ದೊಡ್ಡ ಕರುಳು ಸುಮಾರು 5 ಅಡಿ ಮಾತ್ರವೇ ಇದ್ದರೂ ಅಗಲವಾಗಿರುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ಸಣ್ಣ ಕರುಳಿನಲ್ಲಿ ಮೂರು ಭಾಗಗಳುಂಟು. ಮೊದಲನೆಯದು ಹನ್ನೆರಡು ಬೆರಳಗಲದಷ್ಟು ಉದ್ದವಿರುವುದರಿಂದ ದ್ವಾದಶಾಂಗುಲವೆನಿಸುತ್ತದೆ. ಡುವೋಡಿನಂ ಎಂಬ ಪಾಶ್ಚಾತ್ಯ ಹೆಸರಿಗೂ ಇದೇ ಅರ್ಥ. ಪಿತ್ತರಸವೂ ಮೇದೋಜೀರಕ ಗ್ರಂಥಿಯ ರಸವೂ ಇಲ್ಲಿಗೆ ಬಂದು ಅನ್ನದೊಡನೆ ಕೂಡುತ್ತವೆ. ನಡುವಿನ ಭಾಗಕ್ಕೆ ಜೆಜುನಂ ಎಂದೂ ಕೊನೆಯ ಭಾಗಕ್ಕೆ ಇಲಿಯಂ ಎಂದೂ ಹೆಸರು. ಒಳಗೋಡೆಯ ಮೇಲೆ ಮಖಮಲ್ಲಿನ ಎಳೆಗಳಂತೆ ಅಸಂಖ್ಯವಾದ ಸೂಕ್ಷ್ಮ ಕುಡಿಗಳಿದ್ದು, ಅವು ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಒಪ್ಪಿಸುತ್ತವೆ. ಆಯುರ್ವೇದವು ಅನ್ನವನ್ನು ಹಿಡಿದಿಟ್ಟು ಪಕ್ವಗೊಳಿಸುವ ಸ್ಥಾನಕ್ಕೆ ಗ್ರಹಣಿಯೆಂದು ಹೆಸರಿಟ್ಟಿತು. ನಾವು ಉಣ್ಣುವ ಜೋಳದ ರೊಟ್ಟಿಯು ರಕ್ತಮಾಂಸವಾಗುವ ದಾಸೋಹದ ಮನೆ ಇದೇ. ಇದು ಹಗಲಿರುಳು ದುಡಿಯುತ್ತದೆ, ದುಡಿಮೆಯನ್ನು ತೋರಿಸಿಕೊಳ್ಳುವುದಿಲ್ಲ.

ಶರೀರದಲ್ಲಿ ಹಳೆಯ ಜೀವಕೋಶಗಳು ಅಳಿದು ಹೊಸವು ಹುಟ್ಟುತ್ತಿರುವುದು ಸಹಜಧರ್ಮ. ಯಾವುದೋ ಕೋಶದಲ್ಲಿ ಈ ನಿಯಮವು ತಪ್ಪಿ, ಅದು ಅಂಕೆಯಿಲ್ಲದೆ ಬೆಳೆದು, ನೆರೆಯ ಭಾಗಗಳನ್ನು ಆಕ್ರಮಿಸಿ, ರಕ್ತದ ಮೂಲಕವೂ ದುಗ್ಧರಸದ ಮೂಲಕವೂ ದೂರದೂರಕ್ಕೆ ಬೀಜ ಬಿತ್ತುವುದೇ ಅರ್ಬುದವು. ಸುಶ್ರುತಾಚಾರ್ಯರು ಅರ್ಬುದವೆಂಬ ಗಂಟನ್ನು ವರ್ಣಿಸಿರುವರು. ಗ್ರೀಕರು ಅದರ ಚಾಚಿದ ಕಾಲುಗಳನ್ನು ಕಂಡು ಏಡಿಯೆಂದು ಹೆಸರಿಟ್ಟರು. ಕ್ಯಾನ್ಸರ್ ಎಂಬ ಮಾತಿಗೂ ಏಡಿಯೆಂದೇ ಅರ್ಥ.

ಇಲ್ಲಿ ಒಂದು ಆಶ್ಚರ್ಯವಿದೆ. ಅನ್ನಮಾರ್ಗದ ಉದ್ದದಲ್ಲಿ ಸುಮಾರು ಮುಕ್ಕಾಲು ಪಾಲೂ, ಒಳಮೈಯ ವಿಸ್ತಾರದಲ್ಲಿ ಸುಮಾರು 90 ಪಾಲೂ ಸಣ್ಣ ಕರುಳಿನದೇ. ಆದರೂ ಅನ್ನಮಾರ್ಗದಲ್ಲಿ ಹುಟ್ಟುವ ಅರ್ಬುದಗಳಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಮಾತ್ರವೇ ಇಲ್ಲಿ ಹುಟ್ಟುತ್ತವೆ. ಇಲ್ಲಿ ಆಹಾರವು ದ್ರವರೂಪದಲ್ಲಿ ಬೇಗನೆ ಹರಿದುಹೋಗುವುದು, ದೊಡ್ಡ ಕರುಳಿನಲ್ಲಿರುವಷ್ಟು ಸೂಕ್ಷ್ಮಜೀವಿಗಳು ಇಲ್ಲಿ ಇಲ್ಲದಿರುವುದು, ಒಳಪದರವು ಕೆಲವೇ ದಿನಗಳಿಗೊಮ್ಮೆ ಪೂರ್ಣವಾಗಿ ಹೊಸದಾಗುತ್ತಿರುವುದು, ರಕ್ಷಕ ಕೋಶಗಳ ದೊಡ್ಡ ಸೈನ್ಯವು ಈ ಗೋಡೆಯಲ್ಲಿರುವುದು, ಇವೇ ಕಾರಣಗಳಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಆದುದರಿಂದ ಹೊಟ್ಟೆನೋವು ಬಂದವರೆಲ್ಲರೂ ಈ ರೋಗವನ್ನು ಶಂಕಿಸಿ ನಿದ್ದೆಗೆಡಬೇಕಾದುದಿಲ್ಲ. ಆದರೆ ಅಪರೂಪವಾಗಿರುವುದೇ ಇದರ ಅಪಾಯವೂ ಹೌದು. ಅಪರೂಪವಾದುದು ರೋಗಿಯ ನೆನಪಿಗೂ ಬಾರದು, ವೈದ್ಯನ ನೆನಪಿಗೂ ಬಾರದು.

ಈ ಅರ್ಬುದವು ಒಂದೇ ಬಗೆಯದಲ್ಲ. ಒಳಪದರದ ಗ್ರಂಥಿಕೋಶಗಳಲ್ಲಿ ಹುಟ್ಟುವುದು ಒಂದು ಬಗೆ. ಅದು ಹೆಚ್ಚಾಗಿ ದ್ವಾದಶಾಂಗುಲದಲ್ಲಿ ಕಾಣುತ್ತದೆ. ಹಾರ್ಮೋನುಗಳನ್ನು ಸ್ರವಿಸುವ ಕೋಶಗಳಲ್ಲಿ ಹುಟ್ಟುವುದು ಎರಡನೆಯದು. ಇದು ಹೆಚ್ಚಾಗಿ ಇಲಿಯಂ ಭಾಗದಲ್ಲಿದ್ದು ಬಹುಕಾಲ ಮೆಲ್ಲನೆ ಬೆಳೆಯುತ್ತದೆ. ಜರ್ಮನಿಯ ಓಬರ್ನ್‌ಡೋರ್ಫರ್ ಎಂಬ ವೈದ್ಯರು 1907ರಲ್ಲಿ ಇದಕ್ಕೆ ಕಾರ್ಸಿನಾಯ್ಡ್ ಎಂದು ಹೆಸರಿಟ್ಟರು. ರಕ್ಷಕ ಕೋಶಗಳಲ್ಲಿ ಹುಟ್ಟುವ ಲಿಂಫೋಮವು ಮೂರನೆಯದು. ಕರುಳಿನ ಗೋಡೆಯ ಮಾಂಸಲವಾದ ಭಾಗದಲ್ಲಿ ಹುಟ್ಟುವ ಗಂಟು ನಾಲ್ಕನೆಯದು. ಚಿಕಿತ್ಸೆಯು ಒಂದೊಂದಕ್ಕೆ ಒಂದೊಂದು ವಿಧವಾಗಿರುವುದರಿಂದ, ಬರಿಯ ಗಂಟೆಂದು ತಿಳಿದರೆ ಸಾಲದು; ಅದು ಯಾವ ಬಗೆಯದೆಂದು ತಿಳಿಯಲೇಬೇಕು.

ಇನ್ನು ಲಕ್ಷಣಗಳು. ಉಂಡ ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆಯಲ್ಲಿ ಹಿಂಡಿದಂತೆ ನೋವು ಬಂದು ಹೋಗುವುದು. ಕಾರಣವಿಲ್ಲದೆ ಮೈ ಇಳಿಯುವುದು. ಆಗಾಗ ಹೊಟ್ಟೆ ಉಬ್ಬಿ ವಾಂತಿಯಾಗುವುದು. ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ದುರ್ಗಂಧದಿಂದ ಕೂಡಿರುವುದು. ರಕ್ತವು ಕುಂದುತ್ತ ಹೋಗುವುದು. ಗಂಟು ಪಿತ್ತನಾಳದ ಬಾಯಿಯ ಬಳಿ ಇದ್ದರೆ ಕಾಮಾಲೆ ಕಾಣಿಸುವುದು. ಇವುಗಳಲ್ಲಿ ಒಂದಾದರೂ ಈ ರೋಗಕ್ಕೇ ಮೀಸಲಾದ ಲಕ್ಷಣವಲ್ಲ. ಬೇರೆ ಸಾಮಾನ್ಯ ವ್ಯಾಧಿಗಳ ವೇಷವನ್ನು ಧರಿಸಿ ಇದು ಬರುತ್ತದೆ. ನಮ್ಮ ಸೀಮೆಯಲ್ಲಿ ಇದು ಧರಿಸುವ ಮೂರು ವೇಷಗಳನ್ನು ವಿಶೇಷವಾಗಿ ಹೇಳುತ್ತೇನೆ.

ಮೊದಲನೆಯ ವೇಷವು ರಕ್ತಹೀನತೆ. ಭತ್ತದ ಕೆಸರಿನಲ್ಲಿ ಬರಿಗಾಲಿನಿಂದ ನಡೆಯುವವರಿಗೆ ಕೊಕ್ಕೆಹುಳುವು ಚರ್ಮದ ಮೂಲಕ ಒಳಹೊಕ್ಕು, ಇದೇ ಸಣ್ಣ ಕರುಳನ್ನು ಕಚ್ಚಿ ರಕ್ತ ಹೀರುವುದುಂಟು. ಹೆಣ್ಣುಮಕ್ಕಳಿಗೆ ತಿಂಗಳ ಸ್ರಾವ, ಹೆರಿಗೆಗಳೂ ಕಾರಣವಾಗುತ್ತವೆ. ಆದುದರಿಂದ ಗುಳಿಗೆ ಕೊಟ್ಟು ಕಳುಹಿಸುವುದು ರೂಢಿಯಾಗಿದೆ. ಆದರೆ ಲೆಕ್ಕವನ್ನು ನೋಡಿರಿ. ನಮ್ಮ ಶರೀರವು ಆಹಾರದಿಂದ ದಿನಕ್ಕೆ 1 ರಿಂದ 2 ಮಿಲಿಗ್ರಾಂ ಕಬ್ಬಿಣವನ್ನು ಮಾತ್ರವೇ ಹೀರಿಕೊಳ್ಳುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹಾಗಿದ್ದ ಮೇಲೆ, ಕರುಳಿನ ಗಂಟೊಂದರಿಂದ ದಿನಕ್ಕೆ ಒಂದೆರಡು ಚಹಾ ಚಮಚದಷ್ಟು ರಕ್ತವು ಜಿನುಗಿದರೆ ಆದಾಯಕ್ಕಿಂತ ವೆಚ್ಚವು ಹೆಚ್ಚಾಗಿ ಮನುಷ್ಯನು ಬಡವಾಗುತ್ತಾನೆ. ಅಷ್ಟು ಸ್ವಲ್ಪ ರಕ್ತವು ಕಣ್ಣಿಗೆ ಕಾಣುವುದೂ ಇಲ್ಲ; ಮಲವು ಕಪ್ಪಾಗಬೇಕಾದರೆ ಸಾಮಾನ್ಯವಾಗಿ 50 ರಿಂದ 100 ಮಿಲಿಲೀಟರಿನಷ್ಟು ರಕ್ತವು ಬೀಳಬೇಕು. ಆದಕಾರಣ ಗಂಡಸರಿಗೆ, ಹಾಗೂ ಮುಟ್ಟು ನಿಂತ ತಾಯಂದಿರಿಗೆ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಬಂದಿತೆಂದರೆ, ರಕ್ತವು ಎಲ್ಲಿ ಸೋರುತ್ತಿದೆಯೆಂದು ಹುಡುಕದೆ ಬರಿಯ ಗುಳಿಗೆಯಿಂದ ತೃಪ್ತರಾಗಕೂಡದು. ಸೋರುವ ಕೊಡಕ್ಕೆ ನೀರು ಹೊಯ್ಯುವ ಮೊದಲು ತೂತನ್ನು ನೋಡಬೇಕಲ್ಲವೆ?

ಎರಡನೆಯ ವೇಷವು ಹುಣ್ಣು, ಆಮ್ಲಪಿತ್ತ, ಮೂಲವ್ಯಾಧಿಗಳದು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಗಳಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಬೀಳುವುದು ಈ ಅರ್ಬುದಕ್ಕಿಂತ ಎಷ್ಟೋ ಸಾಮಾನ್ಯ. ಆದರೂ ಕಪ್ಪು ಮಲವನ್ನು ಕಂಡು ತಾವೇ ಮೂಲವ್ಯಾಧಿಯೆಂದು ನಿರ್ಣಯಿಸಿ ನಾಟಿ ಔಷಧ ಮಾಡಿಕೊಳ್ಳುವುದು ಯುಕ್ತವಲ್ಲ. ಮೂಲವ್ಯಾಧಿಯ ರಕ್ತವು ಕೆಂಪಾಗಿರುತ್ತದೆ. ಮೇಲಿನ ಕರುಳಿನಿಂದ ಬಂದ ರಕ್ತವೇ ಕಪ್ಪಾಗುತ್ತದೆ. ಈ ಭೇದವನ್ನು ಮನೆಯವರೆಲ್ಲರೂ ನೆನಪಿನಲ್ಲಿಡಬೇಕು.

ಮೂರನೆಯ ವೇಷವು ಕ್ಷಯ. ಕ್ಷಯವೆಂದರೆ ಶ್ವಾಸಕೋಶಕ್ಕೆ ಮಾತ್ರವೇ ಬರುವುದೆಂದು ಹಲವರು ಭಾವಿಸಿದ್ದಾರೆ. ನಮ್ಮ ದೇಶದಲ್ಲಿ ಅದು ಕರುಳಿಗೂ ಬರುತ್ತದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಸಂಧಿಯೇ ಅದರ ಮೆಚ್ಚಿನ ತಾಣ. 1932ರಲ್ಲಿ ಕ್ರೋನ್ ಮತ್ತು ಅವರ ಸಂಗಡಿಗರು ವರ್ಣಿಸಿದ ಕರುಳಿನ ಉರಿಯೂತವೂ, ಲಿಂಫೋಮವೂ, ಇತರ ಅರ್ಬುದಗಳೂ ಅದೇ ಸ್ಥಳದಲ್ಲಿ ಅದೇ ರೂಪದಲ್ಲಿ ಕಾಣಬಲ್ಲವು. ಕ್ಷಯಕ್ಕೆ ಸರಕಾರವು ಧರ್ಮಾರ್ಥವಾಗಿ ಔಷಧ ಕೊಡುತ್ತದೆ. ಆರು ತಿಂಗಳು ಬಿಡದೆ ಸೇವಿಸಿದರೆ ಸಾಮಾನ್ಯವಾಗಿ ಪೂರ್ಣ ಗುಣವಾಗುತ್ತದೆ. ವೈದ್ಯರು ಕ್ಷಯವೆಂದು ಔಷಧವನ್ನು ಆರಂಭಿಸಿದರೆ ಅದನ್ನು ಎಂದಿಗೂ ನಡುವೆ ನಿಲ್ಲಿಸಬೇಡಿರಿ. ಆದರೆ ಎರಡು ತಿಂಗಳು ಕಳೆದರೂ ತೂಕವು ಏರದೆ, ನೋವು ಇಳಿಯದೆ ಇದ್ದರೆ ಅದೇ ವೈದ್ಯರಲ್ಲಿ ವಿನಯದಿಂದ, “ಕರುಳಿನ ತುಣುಕನ್ನು ತೆಗೆದು ಪರೀಕ್ಷಿಸಿದೆಯೇ? ಇನ್ನೊಮ್ಮೆ ನೋಡಬಹುದೇ?” ಎಂದು ಕೇಳಿರಿ. ಇದು ವೈದ್ಯರಿಗೆ ಅವಮಾನವಲ್ಲ, ನೆನಪು ಮಾತ್ರವೇ.

ಪರೀಕ್ಷೆಯ ವಿಧಾನವನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ಬಾಯಿಯಿಂದ ಇಳಿಸುವ ಎಂಡೋಸ್ಕೋಪಿಯ ನಳಿಕೆಯು ದ್ವಾದಶಾಂಗುಲದ ವರೆಗೆ ಹೋಗುತ್ತದೆ. ಗುದದ್ವಾರದಿಂದ ಕಳುಹಿಸುವ ನಳಿಕೆಯು ದೊಡ್ಡ ಕರುಳನ್ನು ದಾಟಿ ಇಲಿಯಂನ ಕೊನೆಯನ್ನು ಮುಟ್ಟುತ್ತದೆ. ಇವೆರಡರ ನಡುವಣ ಹದಿನೆಂಟು ಇಪ್ಪತ್ತು ಅಡಿಯ ಪ್ರದೇಶವು ವೈದ್ಯರಿಗೆ ಬಹುಕಾಲ ಕತ್ತಲೆಯ ನಾಡಾಗಿದ್ದಿತು. “ಎರಡೂ ಕಡೆಯಿಂದ ನೋಡಿದರು, ಏನೂ ಇಲ್ಲವಂತೆ” ಎಂದು ರೋಗಿಯು ಸಮಾಧಾನ ಹೊಂದುವುದು ಇದರಿಂದಲೇ. ಈಗ ಸಿ.ಟಿ. ಸ್ಕ್ಯಾನ್ ಪರೀಕ್ಷೆಯು ಗಂಟಿನ ಜಾಗವನ್ನೂ ಹಬ್ಬುಗೆಯನ್ನೂ ತೋರಿಸುತ್ತದೆ. 2001ರಿಂದ ಬಳಕೆಗೆ ಬಂದ ಇನ್ನೊಂದು ಉಪಾಯವು ನಿಮಗೆ ವಿಸ್ಮಯವನ್ನುಂಟುಮಾಡೀತು. ಒಂದು ಅಂಗುಲ ಉದ್ದದ ಗುಳಿಗೆಯೊಳಗೆ ಕ್ಯಾಮರವನ್ನೂ ದೀಪವನ್ನೂ ಇರಿಸಿರುತ್ತಾರೆ. ಅದನ್ನು ನುಂಗಿದರೆ ಅದು ಕರುಳಿನುದ್ದಕ್ಕೂ ಸಾಗುತ್ತ ಸುಮಾರು ಎಂಟು ತಾಸಿನಲ್ಲಿ ಸಾವಿರಾರು ಚಿತ್ರಗಳನ್ನು ಹೊರಗಿನ ಯಂತ್ರಕ್ಕೆ ಕಳುಹಿಸಿ, ಕೊನೆಗೆ ಮಲದೊಡನೆ ಹೊರಬೀಳುತ್ತದೆ. ಆದರೆ ಕರುಳು ಕಿರಿದಾಗಿರುವ ಶಂಕೆಯಿದ್ದಲ್ಲಿ ಅದು ಸಿಕ್ಕಿಕೊಳ್ಳುವ ಭಯವಿರುವುದರಿಂದ ಎಲ್ಲರಿಗೂ ಅದು ಸಲ್ಲದು. ಅದೇ 2001ರಲ್ಲಿ ಜಪಾನಿನ ಯಮಾಮೊಟೊ ಎಂಬ ವೈದ್ಯರು, ಬಲೂನುಗಳ ಸಹಾಯದಿಂದ ಕರುಳನ್ನು ಸ್ವಲ್ಪ ಸ್ವಲ್ಪವಾಗಿ ಮಡಿಚಿಕೊಳ್ಳುತ್ತ ಒಳಸಾಗುವ ನಳಿಕೆಯ ಕ್ರಮವನ್ನು ಪ್ರಕಟಿಸಿದರು. ಅದರಿಂದ ತುಣುಕನ್ನು ತೆಗೆಯುವುದೂ ಸಾಧ್ಯವಾಯಿತು. ತುಣುಕನ್ನು ತೆಗೆದರೆ ರೋಗವು ಕೆರಳುತ್ತದೆಂಬ ಭಯವು ಹಳ್ಳಿಗಳಲ್ಲಿ ಬಲವಾಗಿದೆ. ಆ ಭಯದಿಂದ ತಡಮಾಡಿ ಕೆಟ್ಟವರನ್ನು ನಾನು ಕಂಡಿದ್ದೇನೆ. ಸೂಕ್ಷ್ಮದರ್ಶಕದ ಕೆಳಗೆ ತುಣುಕನ್ನು ನೋಡದೆ ನಿಶ್ಚಯವಾದ ಚಿಕಿತ್ಸೆಯಿಲ್ಲ.

ಚಿಕಿತ್ಸೆಯಲ್ಲಿ ಶಸ್ತ್ರಕ್ರಿಯೆಯೇ ಮುಖ್ಯವಾದುದು. ಗಂಟಿರುವ ಕರುಳಿನ ಭಾಗವನ್ನೂ ಸಮೀಪದ ಗ್ರಂಥಿಗಳನ್ನೂ ತೆಗೆದು ಉಳಿದ ತುದಿಗಳನ್ನು ಜೋಡಿಸುತ್ತಾರೆ. ಇಪ್ಪತ್ತು ಅಡಿಯಲ್ಲಿ ಒಂದೆರಡು ಅಡಿ ಹೋದರೆ ಉಣ್ಣುವುದಕ್ಕೂ ದುಡಿಯುವುದಕ್ಕೂ ಸಾಮಾನ್ಯವಾಗಿ ಬಾಧೆಯಿಲ್ಲ. ಇಲಿಯಂನ ಕೊನೆಯ ಭಾಗವನ್ನು ತೆಗೆದಿದ್ದರೆ ಬಿ-12 ಜೀವಸತ್ವವನ್ನು ಸೂಜಿಯ ಮೂಲಕ ಕೊಡಬೇಕಾಗಬಹುದು. ದ್ವಾದಶಾಂಗುಲದ ಅರ್ಬುದಕ್ಕೆ ಮಾತ್ರ, ಅಮೆರಿಕದ ವಿಪ್ಪಲ್ ಎಂಬ ಶಸ್ತ್ರವೈದ್ಯರು 1935ರಲ್ಲಿ ಪ್ರಕಟಿಸಿದ ಮಾರ್ಗದಲ್ಲಿ, ಮೇದೋಜೀರಕ ಗ್ರಂಥಿಯ ತಲೆಯನ್ನೂ ಕೂಡಿ ತೆಗೆಯುವ ದೊಡ್ಡ ಶಸ್ತ್ರಕ್ರಿಯೆ ಬೇಕಾಗುತ್ತದೆ. ಲಿಂಫೋಮಕ್ಕೆ ಔಷಧಚಿಕಿತ್ಸೆಯೇ ಪ್ರಧಾನ. ಗೋಡೆಯ ಗಂಟಿನ ಬಗೆಗೆ 2002ರಿಂದ ಇಮಾಟಿನಿಬ್ ಎಂಬ ಗುಳಿಗೆಯು ಬಳಕೆಗೆ ಬಂದು, ಮೊದಲು ಆಶೆಯಿಲ್ಲದಿದ್ದ ಎಷ್ಟೋ ಜನರ ಆಯುಸ್ಸನ್ನು ಬೆಳೆಸಿದೆ. ಗಂಟು ಕರುಳಿನ ಗೋಡೆಯೊಳಗೇ ಇರುವಾಗ ಕೈಗೆ ಸಿಕ್ಕರೆ ಗುಣವಾಗುವ ಸಂಭವವು ಬಹಳ. ಯಕೃತ್ತಿಗೆ ಹಬ್ಬಿದ ಮೇಲೆ ಅದು ಕಡಿಮೆಯಾಗುತ್ತದೆ. ಹಬ್ಬಿದಲ್ಲಿಯೂ ನೋವನ್ನು ನೀಗಿ, ದಾರಿಯನ್ನು ತೆರೆದು, ಸಮಾಧಾನದಿಂದ ಬಾಳಿಸುವುದು ವೈದ್ಯಕ್ಕೆ ಸಾಧ್ಯವಿದೆ.

ಎಲ್ಲಿಗೆ ಹೋಗಬೇಕೆಂಬುದು ಮುಂದಿನ ಪ್ರಶ್ನೆ. ಮೊದಲು ಹತ್ತಿರದ ಸರಕಾರಿ ದವಾಖಾನೆಯಲ್ಲಿ ರಕ್ತಪರೀಕ್ಷೆ, ಮಲದಲ್ಲಿ ಅಡಗಿದ ರಕ್ತದ ಪರೀಕ್ಷೆಗಳನ್ನು ಮಾಡಿಸಿ, ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಪತ್ರವನ್ನು ಪಡೆಯಬಹುದು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಅರ್ಬುದರೋಗಕ್ಕೇ ಮೀಸಲಾದುದು. ಅದರ ಶಾಖೆಯೊಂದು ಕಲಬುರಗಿಯಲ್ಲಿದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ನೆರವನ್ನು ಗೊತ್ತುಪಡಿಸಿದೆ. ಪಡಿತರ ಚೀಟಿ, ಆಧಾರ್ ಚೀಟಿಗಳನ್ನೂ ಹಿಂದಿನ ಪರೀಕ್ಷೆಯ ಕಾಗದಗಳೆಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಕೊಂಡು ಹೋಗಿರಿ. ಹೊಲವನ್ನು ಮಾರುವುದಕ್ಕೆ ಮೊದಲು ಈ ದಾರಿಯನ್ನು ವಿಚಾರಿಸಿರಿ.

ಈ ರೋಗವು ಏಕೆ ಬರುತ್ತದೆ? ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಕರುಳಿನ ಅರ್ಬುದದ ಪ್ರವೃತ್ತಿಯು ಇಳಿದುಬರುತ್ತದೆ; ತಂದೆ, ತಾಯಿ, ಒಡಹುಟ್ಟಿದವರಲ್ಲಿ ಚಿಕ್ಕ ವಯಸ್ಸಿನಲ್ಲಿ ಈ ರೋಗವಾಗಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬಹುಕಾಲದ ಕ್ರೋನ್ ವ್ಯಾಧಿಯೂ, ಗೋಧಿಯ ಅಂಟು ಒಗ್ಗದೆ ಬರುವ ಸೀಲಿಯಾಕ್ ವ್ಯಾಧಿಯೂ ಸಂಭವವನ್ನು ಹೆಚ್ಚಿಸುತ್ತವೆ. ಅಂಥವರು ಗೋಧಿಯನ್ನು ಪೂರ್ಣವಾಗಿ ಬಿಡಬೇಕು. ನಮ್ಮ ಜೋಳದಲ್ಲಿ ಆ ಅಂಟಿಲ್ಲದಿರುವುದು ನಮ್ಮ ಭಾಗ್ಯ. ತಂಬಾಕನ್ನೂ ಮದ್ಯವನ್ನೂ ದೂರವಿಡಬೇಕೆಂದು ಶ್ರೀಮಠವು ಹೇಳುತ್ತಲೇ ಬಂದಿದೆ. ಅನೇಕ ಅರ್ಬುದಗಳ ವಿಷಯದಲ್ಲಿ ವೈದ್ಯವೂ ಅದನ್ನೇ ಹೇಳುತ್ತದೆ. ಆದರೆ ಶುದ್ಧ ಶಾಕಾಹಾರಿಗಳಿಗೂ, ಯಾವ ದುಶ್ಚಟವಿಲ್ಲದವರಿಗೂ ಈ ರೋಗವು ಬರಬಹುದು; ಅನೇಕರಲ್ಲಿ ಯಾವ ಕಾರಣವೂ ಕಾಣುವುದಿಲ್ಲ. ಆದುದರಿಂದ ರೋಗಿಯನ್ನು ಕುರಿತು “ಏನು ಪಾಪ ಮಾಡಿದ್ದನೋ” ಎಂದು ಆಡಿಕೊಳ್ಳುವುದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ. ಇದು ಮುಟ್ಟಿದರೆ ಅಂಟುವ ರೋಗವೂ ಅಲ್ಲ. ರೋಗಿಯ ತಟ್ಟೆಯನ್ನು ಬೇರೆ ಇಡಬೇಕಾದುದಿಲ್ಲ.

ಕೊನೆಯದಾಗಿ ತಾಯಂದಿರಲ್ಲಿ ಒಂದು ಬಿನ್ನಹ. ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ತಿಳಿದುದೇ. ಪತಿಯಾದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಮಿಕ್ಕುದನ್ನು ಹಿಂದಕ್ಕೆ ಚೆಲ್ಲಿಬರಲು ಹೇಳಿದ ತಾಯಿ ಆಕೆ. ಸತ್ಯವನ್ನು ಗಂಡನ ಎದುರಿಗೂ ಮುಚ್ಚಿಡದ ಧೈರ್ಯ ಆಕೆಯದು. ನಮ್ಮ ಮನೆಗಳಲ್ಲಿ ತಾಯಿಯು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ತನ್ನ ನೋವನ್ನಂತೂ ಹೇಳುವುದೇ ಇಲ್ಲ. ನಾಚಿಕೆಯಿಂದ ಮುಚ್ಚಿಟ್ಟ ಮಾತು ರೋಗಕ್ಕೆ ಗೊಬ್ಬರವಾಗುತ್ತದೆ. ಲಕ್ಕಮ್ಮನವರ ಧೈರ್ಯವು ನಿಮಗೂ ಇರಲಿ. ಮಕ್ಕಳೂ ಸೊಸೆಯಂದಿರೂ ತಾವಾಗಿಯೇ ಕೇಳಬೇಕು: “ಅವ್ವಾ, ಊಟ ಸೇರುತ್ತದೆಯೇ? ಉಂಡ ಮೇಲೆ ನೋವು ಬರುತ್ತದೆಯೇ? ಬಹಿರ್ದೆಸೆ ಕಪ್ಪಾಗುತ್ತಿದೆಯೇ?” ಇಂಥ ಲಕ್ಷಣವು ಮೂರು ವಾರ ಬಿಡದೆ ಇದ್ದರೆ ದವಾಖಾನೆಗೆ ಕರೆದೊಯ್ಯಬೇಕು. ಮಲವು ಡಾಂಬರಿನಂತಾದರೆ, ಅಥವಾ ಹೊಟ್ಟೆಯುಬ್ಬಿ ವಾಂತಿಯಾಗುತ್ತ ಮಲವಾಯುಗಳು ನಿಂತುಹೋದರೆ, ಒಂದು ದಿನವೂ ತಡೆಯಬಾರದು.

ವಿಭೂತಿಯನ್ನು ಧರಿಸಿರಿ, ಪ್ರಸಾದವನ್ನು ಸ್ವೀಕರಿಸಿರಿ, ಗುರುಗಳ ಆಶೀರ್ವಾದವನ್ನು ಪಡೆಯಿರಿ. ಅವು ರೋಗಿಗೆ ಧೈರ್ಯವನ್ನು ಕೊಡುತ್ತವೆ. ಆ ಧೈರ್ಯದೊಡನೆಯೇ ವೈದ್ಯರಲ್ಲಿಗೆ ಹೋಗಿರಿ. ಒಂದರ ಬದಲಿಗೆ ಇನ್ನೊಂದಲ್ಲ. ಶ್ರೀಮಠದಲ್ಲಿ ಪ್ರಸಾದಕ್ಕೆ ಬರುವ ಜನಸಮೂಹದಲ್ಲಿ ಬಿಳುಪೇರಿದ ಮುಖವೊಂದನ್ನು ಕಂಡರೆ, ಬಡಿಸುವ ಶರಣರು ಒಂದು ನಿಮಿಷ ನಿಂತು ವಿಚಾರಿಸಿದರೂ ಅದು ದಾಸೋಹವೇ. ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ನೀವಾದರೂ ಕೇಳಿರಿ. ಆ ತಾಯಿಯ ನೆನಪಿಗೆ ನಾನು ಸಲ್ಲಿಸಬಹುದಾದುದು ಇಷ್ಟೇ.